ಮಾರ್ಕಸ್: ಒಂದೇ ಅಕ್ಷರದಲ್ಲಿ ಬರೆದ ಹೆಸರು

ರೋಮಿನ ಪ್ಯಾಂಥಿಯಾನ್ ಕಟ್ಟಡದ ಮುಂಭಾಗದಲ್ಲಿ, ಕಂಬಗಳ ಮೇಲೆ, ದೊಡ್ಡ ಅಕ್ಷರಗಳ ಒಂದು ಸಾಲು ಇದೆ. ‘ಎಂ. ಅಗ್ರಿಪ್ಪ, ಎಲ್. ಅವರ ಮಗ, ಮೂರನೇ ಸಲ ಕಾನ್ಸಲ್ ಆಗಿದ್ದಾಗ ಕಟ್ಟಿಸಿದ್ದು’ ಅಂತ ಅದರ ಅರ್ಥ. ಕಾನ್ಸಲ್ ಅಂದರೆ ರೋಮಿನ ಅತಿ ಮೇಲಿನ ಅಧಿಕಾರಿ. ಈಗ ನಿಂತಿರುವುದು ಅಗ್ರಿಪ್ಪ ಕಟ್ಟಿಸಿದ ಕಟ್ಟಡ ಅಲ್ಲ. ಅದು ಬೆಂಕಿಗೆ ಹೋದ ಮೇಲೆ ಚಕ್ರವರ್ತಿ ಹೇಡ್ರಿಯನ್ ಕಾಲದಲ್ಲಿ ಹೊಸದಾಗಿ ಎದ್ದದ್ದು ಇದು. ಆದರೂ ಹೇಡ್ರಿಯನ್ ತನ್ನ ಹೆಸರು ಹಾಕಿಸಿಕೊಳ್ಳದೆ ಹಳೆಯ ಹೆಸರನ್ನೇ ಉಳಿಸಿದ. ಆ ಮೊದಲ ಅಕ್ಷರ ‘ಎಂ’ ಅಂದರೆ ಮಾರ್ಕಸ್. ಅಷ್ಟು ದೊಡ್ಡ ಕಟ್ಟಡ, ಬೇಕಾದಷ್ಟು ಜಾಗ. ಆದರೂ ಹೆಸರನ್ನು ಬಿಡಿಸಿ ಬರೆದಿಲ್ಲ. ಬರೆಯಬೇಕಾದ ಅಗತ್ಯವೇ ಇರಲಿಲ್ಲ. ಎಂ ಅಂದರೆ ಮಾರ್ಕಸ್ ಅಂತ ಓದು ಬಂದ ಪ್ರತಿಯೊಬ್ಬ ರೋಮನ್ನನಿಗೂ ಗೊತ್ತಿತ್ತು.

ನಮ್ಮಲ್ಲೂ ಇನಿಷಿಯಲ್ ಇದೆ. ಆದರೆ ನಾವು ಊರಿನ ಹೆಸರನ್ನೋ ಅಪ್ಪನ ಹೆಸರನ್ನೋ ಅಕ್ಷರಕ್ಕೆ ಇಳಿಸಿ, ಮನುಷ್ಯನ ಸ್ವಂತ ಹೆಸರನ್ನು ಪೂರ್ತಿ ಬರೆಯುತ್ತೇವೆ. ಡಿ.ವಿ. ಗುಂಡಪ್ಪ ಅಂದರೆ ದೇವನಹಳ್ಳಿ, ವೆಂಕಟರಮಣಯ್ಯ ಎರಡೂ ಅಕ್ಷರವಾದವು, ಗುಂಡಪ್ಪ ಉಳಿದರು. ರೋಮಿನಲ್ಲಿ ಇದು ತಿರುಗಾಮುರುಗಾ. ಮನೆತನದ ಹೆಸರು ಪೂರ್ತಿ, ಸ್ವಂತ ಹೆಸರು ಒಂದು ಅಕ್ಷರ. ರೋಮಿನ ಹೆಸರಾಂತ ಮಾತುಗಾರ, ರಾಜಕಾರಣಿ ಮಾರ್ಕಸ್ ಟುಲ್ಲಿಯಸ್ ಸಿಸೆರೊ ಅನ್ನುವಲ್ಲಿ ಟುಲ್ಲಿಯಸ್ ಕುಲದ್ದು, ಸಿಸೆರೊ ಆ ಕುಲದ ಒಂದು ಕವಲಿನದು. ಅವನದೇ ಅನ್ನಬಹುದಾದದ್ದು ಮಾರ್ಕಸ್ ಒಂದೇ. ಅದೂ ನಿಜಕ್ಕೂ ಅವನೊಬ್ಬನದೇನಲ್ಲ. ಅವನ ಅಪ್ಪನೂ ಮಾರ್ಕಸ್, ತಾತನೂ ಮಾರ್ಕಸ್, ಮಗನೂ ಮಾರ್ಕಸ್.

ಹೀಗಾಗೋಕೆ ಕಾರಣ, ಹೆಸರುಗಳೇ ಕಮ್ಮಿ. ಗಣರಾಜ್ಯದ ಕೊನೆಯ ಕಾಲಕ್ಕೆ, ಅಂದರೆ ಚಕ್ರವರ್ತಿಗಳು ಬರುವ ಸ್ವಲ್ಪ ಮೊದಲು, ರೋಮಿನ ದೊಡ್ಡ ಮನೆಗಳಲ್ಲಿ ಗಂಡುಮಕ್ಕಳಿಗೆ ಇಡುತ್ತಿದ್ದ ಸ್ವಂತ ಹೆಸರುಗಳು 20 ದಾಟುತ್ತಿರಲಿಲ್ಲ. ಅದರಲ್ಲೂ ಲೂಸಿಯಸ್, ಗಾಯಸ್, ಮಾರ್ಕಸ್ ಎಲ್ಲೆಲ್ಲೂ ಸಿಗುತ್ತಿದ್ದವು. ಗಂಡುಮಗು ಹುಟ್ಟಿದ ಒಂಬತ್ತನೇ ದಿನ ಶುದ್ಧಿಯ ಶಾಸ್ತ್ರ ಮಾಡಿ ಹೆಸರಿಡುತ್ತಿದ್ದರು. ಕೊರಳಿಗೆ ‘ಬುಲ್ಲಾ’ ಅನ್ನುವ ತಾಯಿತ ಬೀಳುತ್ತಿತ್ತು. ಯಾವ ಹೆಸರು ಅಂತ ತಲೆ ಕೆಡಿಸಿಕೊಳ್ಳುವ ಪ್ರಶ್ನೆ ಅಷ್ಟಾಗಿ ಇರಲಿಲ್ಲ. ಮೊದಲ ಮಗನಿಗೆ ಸಾಮಾನ್ಯವಾಗಿ ಅಪ್ಪನ ಹೆಸರೇ.

ಹೆಣ್ಣುಮಗುವಿಗೆ ಎಂಟನೇ ದಿನ ಶಾಸ್ತ್ರ. ಆದರೆ ಆ ಕಾಲಕ್ಕೆ ಅವಳಿಗೆ ಸ್ವಂತ ಹೆಸರು ಇಡುವ ರೂಢಿಯೇ ಹೆಚ್ಚುಕಮ್ಮಿ ಹೋಗಿತ್ತು. ಟುಲ್ಲಿಯಸ್ ಕುಲದಲ್ಲಿ ಹುಟ್ಟಿದವಳು ಟುಲ್ಲಿಯಾ, ಮುಗೀತು. ಇಬ್ಬರು ಹುಟ್ಟಿದರೆ ಇಬ್ಬರೂ ಟುಲ್ಲಿಯಾ, ದೊಡ್ಡವಳು, ಚಿಕ್ಕವಳು. ಇದನ್ನು ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ. ಮಾರ್ಕಸ್ ಅನ್ನುವುದು ಒಂದೇ ಅಕ್ಷರವಾದರೂ ಗಂಡಿಗೆ ಸಿಕ್ಕಿತು, ಹೆಣ್ಣಿಗೆ ಅಷ್ಟೂ ಇಲ್ಲ. ಆದರೆ ಸಿಸೆರೊ ತನ್ನ ಗೆಳೆಯ ಅಟ್ಟಿಕಸ್‌ಗೆ ಬರೆದ ಕಾಗದಗಳಲ್ಲಿ ಮಗಳನ್ನು ‘ಟುಲ್ಲಿಯೋಲಾ’ ಅನ್ನುತ್ತಾನೆ. ಪುಟ್ಟ ಟುಲ್ಲಿಯಾ, ನಮ್ಮ ಮುದ್ದು ಅಂತ. ರೂಢಿ ಕೊಡದ ಹೆಸರನ್ನು ಅಪ್ಪ ಪ್ರೀತಿಯಿಂದ ಮಾಡಿಕೊಂಡ. ಕ್ರಿ.ಪೂ. 45ರಲ್ಲಿ ಅವಳು ತೀರಿಕೊಂಡಾಗ ಅವಳಿಗೊಂದು ಗುಡಿ ಕಟ್ಟಿಸಬೇಕು ಅಂತ ತಿಂಗಳುಗಟ್ಟಲೆ ಜಾಗ ಹುಡುಕಿದ.

ಇನ್ನು ಮಾರ್ಕಸ್ ಹೆಸರಿನ ಅರ್ಥ. ಮಗುವಿನ ಹೆಸರುಗಳ ಪುಸ್ತಕ ತೆಗೆದರೆ ‘ಯೋಧ’, ‘ಯುದ್ಧಪ್ರಿಯ’ ಅಂತ ಒಂದು ಪದದಲ್ಲಿ ಮುಗಿಸಿರುತ್ತಾರೆ. ಅದು ನನಗೆ ಒಪ್ಪಿಗೆ ಇಲ್ಲ. ಹೆಸರು ಬಂದದ್ದು ಮಾರ್ಸ್ ದೇವರಿಂದ ಅನ್ನುವುದು ಭಾಷೆ ಬಲ್ಲವರು ಬಹುಮಟ್ಟಿಗೆ ಒಪ್ಪುವ ಮಾತು. ಮಾರ್ಸ್‌ಗೆ ಸೇರಿದವನು, ಮಾರ್ಸ್‌ಗೆ ಒಪ್ಪಿಸಿದವನು ಅಂತ ಅರ್ಥ. ಆದರೆ ಹಳೆಯ ರೋಮನ್ ರೈತನಿಗೆ ಮಾರ್ಸ್ ಬರೀ ಯುದ್ಧದ ದೇವರಾಗಿರಲಿಲ್ಲ. ಕ್ರಿ.ಪೂ. ಎರಡನೇ ಶತಮಾನದ ಕೇಟೊ ಬೇಸಾಯದ ಬಗ್ಗೆ ಬರೆದ ಪುಸ್ತಕದಲ್ಲಿ ಹೊಲಕ್ಕೆ ಪ್ರದಕ್ಷಿಣೆ ಹಾಕಿಸುವ ಒಂದು ಶಾಸ್ತ್ರ ಬರುತ್ತದೆ. ಎಳೆಯ ಹಂದಿ, ಕುರಿಮರಿ, ಕರು, ಈ ಮೂರನ್ನೂ ಹೊಲದ ಗಡಿಯ ಸುತ್ತ ನಡೆಸಿ ಆಮೇಲೆ ಬಲಿ ಕೊಡಬೇಕು. ಆಗ ಹೇಳುವ ಪ್ರಾರ್ಥನೆ ನೇರವಾಗಿ ‘ಅಪ್ಪಾ ಮಾರ್ಸ್’ ಅಂತಲೇ ಶುರುವಾಗುತ್ತದೆ. ಕಣ್ಣಿಗೆ ಕಾಣುವ ರೋಗ, ಕಾಣದ ರೋಗ ಎರಡನ್ನೂ ದೂರ ಇಡು, ಪೈರು, ಕಾಳು, ದ್ರಾಕ್ಷಿ ಬಳ್ಳಿ ಚೆನ್ನಾಗಿ ಬರಲಿ, ಕುರುಬರನ್ನೂ ಕುರಿಗಳನ್ನೂ ಕಾಪಾಡು, ನನಗೂ ನನ್ನ ಮನೆಯವರಿಗೂ ಆರೋಗ್ಯ ಕೊಡು ಅಂತ ಕೇಳಿಕೊಳ್ಳುವುದು. ಇದರಲ್ಲಿ ಕತ್ತಿಯ ಮಾತೇ ಇಲ್ಲ. ಹೊಲದ ಬದುವಿನ ಮೇಲೆ ನಿಂತು ಕಾಯುವ ದೇವರು ಇವನು. ಕಾಯೋಕೆ ಬಲ ಬೇಕು, ಆ ಬಲವೇ ಯುದ್ಧದಲ್ಲೂ ಬೇಕಾಯಿತು. ಅಂದಹಾಗೆ, ಈ ಕೇಟೊನ ಸ್ವಂತ ಹೆಸರೂ ಮಾರ್ಕಸ್ಸೇ. ಮಾರ್ಕಸ್ ಪೋರ್ಸಿಯಸ್ ಕೇಟೊ.

ಮಾರ್ಚ್ ತಿಂಗಳೂ ಅದೇ ದೇವರದ್ದು. ಹಿಂದೆ ರೋಮನ್ನರ ವರ್ಷ ಶುರುವಾಗುತ್ತಿದ್ದದ್ದೇ ಆ ತಿಂಗಳಲ್ಲಿ. ವಾರದಲ್ಲಿ ಅವನ ದಿನ ನಮ್ಮ ಮಂಗಳವಾರ. ಏಳು ಗ್ರಹಗಳ ಈ ವಾರ ನಮಗೆ ಬಂದದ್ದು ಗ್ರೀಕ್-ರೋಮನ್ ಜಗತ್ತಿನ ಜ್ಯೋತಿಷದ ಜೊತೆಗೆ. ಹಾಗಾಗಿ ಅಲ್ಲಿಯ ಮಾರ್ಸ್‌ನ ದಿನವೇ ಇಲ್ಲಿಯ ಮಂಗಳನ ದಿನ. ನಮ್ಮಲ್ಲೂ ಮಂಗಳನಿಗೆ ಕುಜ ಅನ್ನುವ ಹೆಸರಿದೆ, ಅಂದರೆ ಭೂಮಿಯಿಂದ ಹುಟ್ಟಿದವನು. ಜಮೀನು ವಿಚಾರಕ್ಕೂ ಜಗಳದ ವಿಚಾರಕ್ಕೂ ಜ್ಯೋತಿಷಿಗಳು ಇವನನ್ನೇ ನೋಡುತ್ತಾರೆ ಅಲ್ವಾ.

ಮಾರ್ಕಸ್ ಅನ್ನುವ ಹೆಸರು ನನ್ನನ್ನು ಬಿಡದೆ ಹಿಡಿದದ್ದು ಈ ಅರ್ಥದಿಂದಲ್ಲ. ರೋಮನ್ ಗಣರಾಜ್ಯ ಕುಸಿದುಬಿದ್ದ ಆ ಕೆಲವೇ ವರ್ಷಗಳಿಂದ. ಆಗ ವೇದಿಕೆಯ ಮೇಲೆ ಯಾರನ್ನು ನೋಡಿದರೂ ಮಾರ್ಕಸ್. ಸಾಲ ಕೊಟ್ಟು ಊರನ್ನೇ ಕೈಯಲ್ಲಿಟ್ಟುಕೊಂಡಿದ್ದ ಕ್ರಾಸಸ್ ಮಾರ್ಕಸ್. ಸೀಸರನಿಗೆ ತಲೆಬಾಗದೆ ಪ್ರಾಣ ಬಿಟ್ಟ ಕಿರಿಯ ಕೇಟೊ ಮಾರ್ಕಸ್. ಸೀಸರನಿಗೆ ಇರಿದ ಬ್ರೂಟಸ್ ಮಾರ್ಕಸ್. ಸೀಸರ್ ಸತ್ತ ಮೇಲೆ ಅಧಿಕಾರ ಹಂಚಿಕೊಂಡ ಮೂವರಲ್ಲಿ ಆಂಟೋನಿಯಸ್, ಲೆಪಿಡಸ್ ಇಬ್ಬರೂ ಮಾರ್ಕಸ್. ಆ ಆಂಟೋನಿಯಸ್‌ನನ್ನೇ ನಾವು ಮಾರ್ಕ್ ಆಂಟನಿ ಅನ್ನುವುದು. ಅವನನ್ನು ಕ್ರಿ.ಪೂ. 31ರಲ್ಲಿ ಆಕ್ಟಿಯಂ ಕಡಲಲ್ಲಿ ಸೋಲಿಸಿದ ನೌಕಾಪಡೆಯ ನಾಯಕ, ಪ್ಯಾಂಥಿಯಾನ್ ಮೇಲೆ ಹೆಸರಿರುವ ಅಗ್ರಿಪ್ಪ. ಅವನೂ ಮಾರ್ಕಸ್.

ಇವರಲ್ಲಿ ಎರಡು ಮನೆಗಳ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಆಂಟನಿಯ ತಾತನ ಹೆಸರೂ ಮಾರ್ಕಸ್ ಆಂಟೋನಿಯಸ್. ತನ್ನ ಕಾಲದ ಅತಿ ದೊಡ್ಡ ಮಾತುಗಾರ, ವಕೀಲ. ಕ್ರಿ.ಪೂ. 87ರ ಒಳಜಗಳದಲ್ಲಿ ಸೇನಾನಾಯಕ ಮೇರಿಯಸ್‌ನ ಕಡೆಯವರು ಅವನನ್ನು ಕೊಂದು, ತಲೆಯನ್ನು ರೋಸ್ಟ್ರಾ ಮೇಲೆ ಇಟ್ಟರು. ರೋಸ್ಟ್ರಾ ಅಂದರೆ ಫೋರಂನಲ್ಲಿ, ಊರ ನಡುವಿನ ಚೌಕದಲ್ಲಿ, ಜನರನ್ನು ಉದ್ದೇಶಿಸಿ ಮಾತಾಡುವ ಕಟ್ಟೆ. ಅವನು ನಿಂತು ಮಾತಾಡುತ್ತಿದ್ದ ಕಟ್ಟೆಯೇ ಅದು. ಆಗ ಸಿಸೆರೊಗೆ ಹತ್ತೊಂಬತ್ತರ ಆಸುಪಾಸು. ಆ ಮಾತುಗಾರನನ್ನು ಕಣ್ಣಾರೆ ಕಂಡವನು, ಮೆಚ್ಚಿದವನು. ಮುಂದೆ ಕ್ರಿ.ಪೂ. 55ರಲ್ಲಿ ಮಾತಿನ ಕಲೆಯ ಬಗ್ಗೆ ದೊಡ್ಡ ಪುಸ್ತಕ ಬರೆದಾಗ ಅವನನ್ನೇ ಒಂದು ಮುಖ್ಯ ಪಾತ್ರ ಮಾಡಿದ. ಆ ತಲೆ ಆ ಕಟ್ಟೆಯ ಮೇಲೆ ಇದ್ದದ್ದನ್ನು ನೆನೆದು ಅದರಲ್ಲೇ ನೊಂದುಕೊಂಡ.

ಹನ್ನೆರಡು ವರ್ಷ ಕಳೆಯಿತು. ಸೀಸರ್ ಸತ್ತ ಮೇಲೆ ಸಿಸೆರೊ ಆಂಟನಿಯ ವಿರುದ್ಧ ಒಂದರ ಹಿಂದೆ ಒಂದು ಭಾಷಣ ಮಾಡಿದ. ಆಂಟನಿ ಮರೆಯಲಿಲ್ಲ. ಕೊಲ್ಲಬೇಕಾದವರ ಪಟ್ಟಿ ಬಂದಾಗ ಅದರಲ್ಲಿ ಸಿಸೆರೊ ಹೆಸರಿತ್ತು. ಕ್ರಿ.ಪೂ. 43ರ ಡಿಸೆಂಬರ್ 7ರಂದು ಫೋರ್ಮಿಯೆ ಊರಿನ ಹತ್ತಿರ ಪಲ್ಲಕ್ಕಿಯಲ್ಲಿ ಹೋಗುತ್ತಿದ್ದ ಮುದುಕನನ್ನು ಸೈನಿಕರು ಹಿಡಿದು ಕೊಂದರು. ಆಂಟನಿಯ ಅಪ್ಪಣೆಯಂತೆ ಸಿಸೆರೊನ ತಲೆ ಮತ್ತು ಕೈಯನ್ನು ರೋಮಿಗೆ ತಂದು ರೋಸ್ಟ್ರಾ ಮೇಲೆ ಇಟ್ಟರು. ತನ್ನ ತಾತನಿಗಾದದ್ದನ್ನೇ, ತಾತನನ್ನು ಅಷ್ಟು ಪ್ರೀತಿಯಿಂದ ನೆನೆದವನಿಗೆ ಮೊಮ್ಮಗ ಮಾಡಿಸಿದ. ಸತ್ತವರು ಇಬ್ಬರೂ ಮಾರ್ಕಸ್, ಮಾಡಿಸಿದವನೂ ಮಾರ್ಕಸ್. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಸಿಸೆರೊನ ಮಗ ಆಗ ಗ್ರೀಸಿನ ಕಡೆ ಇದ್ದ. ಅಥೆನ್ಸಿಗೆ ಓದಲು ಹೋದ ಹುಡುಗ. ದುಡ್ಡು ಜಾಸ್ತಿ ಖರ್ಚು ಮಾಡುತ್ತಾನೆ, ಓದು ಕಮ್ಮಿ ಅಂತ ಅಪ್ಪನಿಗೆ ಚಿಂತೆ. ಸಾಯುವ ಹಿಂದಿನ ವರ್ಷ ಅಪ್ಪ ಅವನಿಗಾಗಿ ಕರ್ತವ್ಯದ ಬಗ್ಗೆ ಒಂದು ಪುಸ್ತಕ ಬರೆದ. ಕಾಗದದ ರೂಪದಲ್ಲಿರುವ ಪುಸ್ತಕ. ಅದರ ಮೊದಲ ಸಾಲಿನಲ್ಲೇ ‘ಮಾರ್ಕೆ ಫಿಲಿ’ ಅಂತ ಕರೆಯುತ್ತಾನೆ. ‘ಮಗನೇ ಮಾರ್ಕಸ್’ ಅಂತ. ಲ್ಯಾಟಿನ್‌ನಲ್ಲಿ ಯಾರನ್ನಾದರೂ ಕರೆಯುವಾಗ ಹೆಸರಿನ ಕೊನೆ ಬದಲಾಗುತ್ತದೆ, ಮಾರ್ಕಸ್ ಮಾರ್ಕೆ ಆಗುತ್ತಾನೆ. ಕಲ್ಲಿನ ಮೇಲೆ ಒಂದು ಅಕ್ಷರವಾಗಿದ್ದ ಹೆಸರು ಅಪ್ಪನ ಬಾಯಲ್ಲಿ ಹೇಗಿತ್ತು ಅಂತ ಗೊತ್ತಾಗೋದು ಇಲ್ಲಿ. ಎರಡು ಸಾವಿರ ವರ್ಷದ ಹಿಂದಿನ ಆ ಕೂಗು ಈಗಲೂ ಕೇಳಿಸಿದಂತಾಗುತ್ತದೆ.

ಆ ಹುಡುಗ ಬ್ರೂಟಸ್‌ನ ಸೈನ್ಯ ಸೇರಿದ, ಸೋತ ಕಡೆ ಉಳಿದ, ಆಮೇಲೆ ಕ್ಷಮೆ ಸಿಕ್ಕಿ ರೋಮಿಗೆ ಮರಳಿದ. ಕ್ರಿ.ಪೂ. 30ರಲ್ಲಿ ಆಕ್ಟೇವಿಯನ್, ಅಂದರೆ ಮುಂದೆ ಆಗಸ್ಟಸ್ ಆದವನು, ಅವನನ್ನು ಕಾನ್ಸಲ್ ಮಾಡಿದ. ಆಂಟನಿ ಸೋತ ಸುದ್ದಿಯನ್ನು ಜನರಿಗೆ ಪ್ರಕಟಿಸಿ ರೋಸ್ಟ್ರಾ ಮೇಲೆ ಅಂಟಿಸುವ ಕೆಲಸ ಈ ಮಾರ್ಕಸ್‌ನ ಪಾಲಿಗೆ ಬಂತು ಅಂತ ಇತಿಹಾಸಕಾರ ಅಪ್ಪಿಯನ್ ಬರೆದಿದ್ದಾನೆ. ಅಪ್ಪನ ತಲೆ ಇಟ್ಟಿದ್ದ ಅದೇ ಕಟ್ಟೆ. ಅವನು ಕಾನ್ಸಲ್ ಆಗಿದ್ದಾಗಲೇ ಸೆನೆಟ್, ಅಂದರೆ ರೋಮಿನ ಹಿರಿಯರ ಸಭೆ, ಆಂಟನಿಯ ಪ್ರತಿಮೆಗಳನ್ನು ಕೆಳಗಿಳಿಸಿತು. ಅಷ್ಟಕ್ಕೇ ಬಿಡಲಿಲ್ಲ. ಇನ್ನು ಮುಂದೆ ಆಂಟೋನಿಯಸ್ ಮನೆತನದ ಯಾರೂ ಮಾರ್ಕಸ್ ಅಂತ ಹೆಸರಿಟ್ಟುಕೊಳ್ಳಬಾರದು ಅಂತ ನಿರ್ಣಯ ಮಾಡಿತು.

ತಾತ, ಅಪ್ಪ, ಆಂಟನಿ, ಅವನ ಹಿರಿಯ ಮಗ, ನಾಲ್ಕು ತಲೆಮಾರು ಇಟ್ಟುಕೊಂಡ ಹೆಸರು ಅದು. ಆ ಹಿರಿಯ ಮಗ ಇನ್ನೂ ಹುಡುಗ. ಅದೇ ವರ್ಷ ಅಲೆಕ್ಸಾಂಡ್ರಿಯಾದಲ್ಲಿ ಅವನನ್ನೂ ಕೊಂದರು.

ಹೀಗೆ ಹೆಸರನ್ನು ಮುಚ್ಚುವುದು ರೋಮಿಗೆ ಹೊಸದಲ್ಲ. ಅದಕ್ಕೂ ಮುನ್ನೂರೈವತ್ತು ವರ್ಷ ಹಿಂದೆ ಮಾರ್ಕಸ್ ಮಾನ್ಲಿಯಸ್ ಅಂತ ಒಬ್ಬನಿದ್ದ. ಗಾಲ್ ಜನ ರಾತ್ರಿ ಹೊತ್ತು ಕ್ಯಾಪಿಟಲ್ ಗುಡ್ಡ ಹತ್ತಿ ಬಂದಾಗ ಹೆಬ್ಬಾತುಗಳು ಕೂಗಿ ಎಬ್ಬಿಸಿದವು, ಮೊದಲು ಎದ್ದು ಓಡಿದವನು ಇವನೇ ಅಂತ ರೋಮನ್ನರು ಹೇಳಿಕೊಂಡು ಬಂದ ಕಥೆ. ಆಮೇಲೆ ಅವನು ಸಾಲದಲ್ಲಿ ಬಿದ್ದ ಬಡವರ ಪರ ನಿಂತ. ರಾಜನಾಗಲು ಹೊರಟಿದ್ದಾನೆ ಅಂತ ಆರೋಪ ಬಂತು. ಕ್ರಿ.ಪೂ. 384ರಲ್ಲಿ ಅದೇ ಗುಡ್ಡದ ಟಾರ್ಪಿಯನ್ ಬಂಡೆಯಿಂದ ಕೆಳಕ್ಕೆ ತಳ್ಳಿದರು. ಇನ್ನು ನಮ್ಮಲ್ಲಿ ಮಾರ್ಕಸ್ ಮಾನ್ಲಿಯಸ್ ಅಂತ ಯಾರಿಗೂ ಹೆಸರಿಡುವುದಿಲ್ಲ ಅಂತ ಅವನ ಕುಲದವರೇ ತೀರ್ಮಾನಿಸಿದರು. ರೋಮಿನಲ್ಲಿ ಹೆಸರು ಮನೆತನದ ಆಸ್ತಿ ಅಂತ ನಾನು ನಂಬಿರುವುದು ಇಂಥ ಪ್ರಸಂಗಗಳನ್ನು ಓದಿ. ಇಟ್ಟುಕೊಂಡವನದು ಬರೀ ಅನುಭೋಗದ ಹಕ್ಕು. ಮನೆತನ ಬೇಡ ಅಂದರೆ ಅದಕ್ಕೆ ಬೀಗ.

ಆಸ್ತಿ ಅಂದಮೇಲೆ ಹೊರಗಿನವರಿಗೂ ಕೊಡಬಹುದು. ಸಿಸೆರೊನ ಮನೆಯಲ್ಲಿ ಟೈರೊ ಅಂತ ಒಬ್ಬ ಗುಲಾಮನಿದ್ದ. ಬರವಣಿಗೆ, ಲೆಕ್ಕ, ಕಾಗದಪತ್ರ ಎಲ್ಲ ಅವನ ಕೈಯಲ್ಲಿ. ಮಾತಿನ ವೇಗಕ್ಕೆ ಬರೆದುಕೊಳ್ಳುವ ಶೀಘ್ರಲಿಪಿಗೆ ಇವತ್ತಿಗೂ ಅವನ ಹೆಸರೇ. ಕ್ರಿ.ಪೂ. 53ರಲ್ಲಿ ಸಿಸೆರೊ ಅವನನ್ನು ಬಿಡುಗಡೆ ಮಾಡಿದ. ಬಿಡುಗಡೆಯಾದವನು ಒಡೆಯನ ಹೆಸರು, ಕುಲ ಎರಡನ್ನೂ ತೆಗೆದುಕೊಳ್ಳುವುದು ಪದ್ಧತಿ. ಟೈರೊ ಅವತ್ತಿನಿಂದ ಮಾರ್ಕಸ್ ಟುಲ್ಲಿಯಸ್ ಟೈರೊ. ಗುಲಾಮನಾಗಿ ಕರೆಸಿಕೊಂಡ ಹೆಸರು ಕೊನೆಗೆ ಸರಿಯಿತು. ಸಿಸೆರೊನ ತಮ್ಮ ಗಾಲ್ ಕಡೆಯಿಂದ, ಅಂದರೆ ಈಗಿನ ಫ್ರಾನ್ಸ್ ಕಡೆಯಿಂದ, ಕಾಗದ ಬರೆದು, ಅವನು ನಮಗೆ ಗುಲಾಮನಾಗಿರುವ ಬದಲು ಗೆಳೆಯನಾದದ್ದು ಒಳ್ಳೆಯದಾಯಿತು ಅಂತ ಸಂತೋಷಪಟ್ಟ. ಟೈರೊ ಹುಷಾರಿಲ್ಲದೆ ಗ್ರೀಸಿನ ಪಾಟ್ರೆ ಊರಿನಲ್ಲಿ ಉಳಿದಾಗ ಸಿಸೆರೊ ಬರೆದ ಕಾಗದಗಳು ಉಳಿದಿವೆ. ವೈದ್ಯರಿಗೆ ಎಷ್ಟಾದರೂ ಕೊಡು, ಅವಸರ ಪಟ್ಟು ಹಡಗು ಹತ್ತಬೇಡ ಅನ್ನುವ ಧಾಟಿಯವು. ಒಡೆಯ ಸತ್ತ ಮೇಲೂ ಅವನ ಬರಹಗಳು ಉಳಿಯುವಂತೆ ನೋಡಿಕೊಂಡವರಲ್ಲಿ ಟೈರೊ ಮುಖ್ಯ. ಒಂಬತ್ತನೇ ದಿನ ಹೆಸರು ಪಡೆದ ಯಾವ ಮಾರ್ಕಸ್‌ಗಿಂತಲೂ ಇವನು ಆ ಹೆಸರಿಗೆ ಜಾಸ್ತಿ ಹಕ್ಕುದಾರ ಅಂತ ನನಗನ್ನಿಸುತ್ತದೆ. ಆದರೂ ಒಂದು ಮಾತು ಹೇಳಲೇಬೇಕು. ಆ ಹೆಸರು ಗೌರವವೂ ಹೌದು, ಇವನು ಯಾರ ಆಳಾಗಿದ್ದ ಅಂತ ಜೀವಮಾನವಿಡೀ ಸಾರುವ ಗುರುತೂ ಹೌದು.

ಈಗ ಮಾರ್ಕಸ್ ಅಂದ ಕೂಡಲೇ ಹೆಚ್ಚು ಜನ ನೆನೆಯುವುದು ಚಕ್ರವರ್ತಿ ಮಾರ್ಕಸ್ ಆರೇಲಿಯಸ್‌ನನ್ನು. ಕ್ರಿ.ಶ. 121ರಲ್ಲಿ ಹುಟ್ಟಿದಾಗ ಅವನ ಹೆಸರು ಮಾರ್ಕಸ್ ಆನಿಯಸ್ ವೇರಸ್. ಅಪ್ಪನದೂ ತಾತನದೂ ಅದೇ. 138ರಲ್ಲಿ ಮುಂದಿನ ಚಕ್ರವರ್ತಿ ಆಂಟೊನೈನಸ್ ದತ್ತು ತೆಗೆದುಕೊಂಡ ಮೇಲೆ ಮನೆತನದ ಹೆಸರುಗಳು ಬದಲಾಗುತ್ತಾ ಹೋದವು, ತಾನೇ ಚಕ್ರವರ್ತಿಯಾಗುವ ಹೊತ್ತಿಗೆ ಹುಟ್ಟಿದಾಗಿನದ್ದರಲ್ಲಿ ಮಾರ್ಕಸ್ ಮಾತ್ರ ಉಳಿಯಿತು. 161ರಿಂದ 180ರವರೆಗೆ ಆಳಿದ. ಮಾರ್ಸ್‌ಗೆ ಸೇರಿದವನು ಅನ್ನುವ ಹೆಸರಿನ ಈ ಮನುಷ್ಯನಿಗೆ ಮನಸ್ಸೆಲ್ಲ ತತ್ವಶಾಸ್ತ್ರದ ಕಡೆ. ಆದರೆ ಕೊನೆಯ ವರ್ಷಗಳನ್ನು ಹೆಚ್ಚಾಗಿ ಕಳೆದದ್ದು ಡ್ಯಾನ್ಯೂಬ್ ನದಿಯ ಗಡಿಯಲ್ಲಿ, ಯುದ್ಧದ ಡೇರೆಗಳಲ್ಲಿ. ತನಗೆ ತಾನೇ ಹೇಳಿಕೊಂಡ ಮಾತುಗಳನ್ನು ಗ್ರೀಕ್ ಭಾಷೆಯಲ್ಲಿ ಬರೆದಿಟ್ಟ. ಅದರಲ್ಲೊಂದು ಕಡೆ, ಸೀಸರ್ ಆಗಿಬಿಡಬೇಡ, ಆ ಬಣ್ಣ ಹಿಡಿಸಿಕೊಳ್ಳಬೇಡ ಅಂತ ತನ್ನನ್ನೇ ಎಚ್ಚರಿಸಿಕೊಳ್ಳುತ್ತಾನೆ.

ತಾನು ಹುಟ್ಟಿದಾಗಿನ ಪೂರ್ತಿ ಹೆಸರನ್ನು, ಮಾರ್ಕಸ್ ಆನಿಯಸ್ ವೇರಸ್ ಅಂತ, ಅವನು ಒಬ್ಬ ಮಗನಿಗೆ ಇಟ್ಟಿದ್ದ. ದತ್ತು ಹೋದಾಗ ಕಳೆದುಕೊಂಡ ಹೆಸರು ಮಗನ ಮೂಲಕ ಮನೆಗೆ ಮರಳಿತು. ಕಿವಿಯ ಕೆಳಗೆ ಗಡ್ಡೆಯಾಗಿ, ಅದನ್ನು ಕೊಯ್ಯಿಸಿದ ಮೇಲೆ, 169ರಲ್ಲಿ ಆ ಮಗು ತೀರಿಕೊಂಡಿತು. ಏಳು ವರ್ಷ. ‘ನನ್ನ ಮಗುವನ್ನು ಕಳೆದುಕೊಳ್ಳದ ಹಾಗೆ ಮಾಡು ಅಂತ ಒಬ್ಬ ಬೇಡುತ್ತಾನೆ, ಕಳೆದುಕೊಳ್ಳುವ ಭಯ ಬಾರದ ಹಾಗೆ ಮಾಡು ಅಂತ ನೀನು ಬೇಡು’ ಅನ್ನುವ ಅರ್ಥದ ಸಾಲು ಅವನ ಆ ಟಿಪ್ಪಣಿಗಳಲ್ಲಿದೆ. ಹಲವಾರು ಮಕ್ಕಳನ್ನು ಮಣ್ಣು ಮಾಡಿದ ಅಪ್ಪ ಬರೆದ ಸಾಲು ಅದು. ಸುಲಭವಾಗಿ ಬಂದ ಧೈರ್ಯ ಅಲ್ಲ ಅಂತ ಓದಿದರೆ ಗೊತ್ತಾಗುತ್ತದೆ. ಅವನು ಸತ್ತದ್ದು ಕ್ರಿ.ಶ. 180ರ ಮಾರ್ಚ್ 17ರಂದು, ಮಾರ್ಸ್‌ನ ತಿಂಗಳಲ್ಲಿ.

ಅವನ ಕುದುರೆ ಸವಾರಿಯ ಕಂಚಿನ ಪ್ರತಿಮೆ ರೋಮಿನಲ್ಲಿ ಉಳಿದಿದೆ. ಬೇರೆ ಎಷ್ಟೋ ಚಕ್ರವರ್ತಿಗಳ ಪ್ರತಿಮೆಗಳನ್ನು ಕರಗಿಸಿಬಿಟ್ಟರು. ಇದು ಮೊದಲ ಕ್ರೈಸ್ತ ಚಕ್ರವರ್ತಿ ಕಾನ್‌ಸ್ಟಂಟೈನ್‌ನದು ಅಂದುಕೊಂಡು ಮಧ್ಯಯುಗದ ಜನ ಕೈ ಹಚ್ಚಲಿಲ್ಲ.

ಅವನ ನಂತರ ಹೆಸರು ತನ್ನ ಬೆಲೆ ಕಳೆದುಕೊಂಡಿತು. ಕ್ಯಾರಕಲ್ಲ ಅನ್ನುವ ಚಕ್ರವರ್ತಿ ಹುಟ್ಟಿದಾಗ ಲೂಸಿಯಸ್. ಅವನ ಅಪ್ಪ ಮಾರ್ಕಸ್ ಆರೇಲಿಯಸ್ ವಂಶಕ್ಕೆ ತನ್ನನ್ನು ಅಂಟಿಸಿಕೊಳ್ಳಲು ಮಗನ ಹೆಸರನ್ನೇ ಮಾರ್ಕಸ್ ಆರೇಲಿಯಸ್ ಆಂಟೊನೈನಸ್ ಅಂತ ಬದಲಿಸಿದ. ಈ ಕ್ಯಾರಕಲ್ಲ ಒಡಹುಟ್ಟಿದ ತಮ್ಮನನ್ನು ಕೊಲ್ಲಿಸಿ, ಕಲ್ಲುಗಳ ಮೇಲಿನ ಅವನ ಹೆಸರನ್ನು ಕೆತ್ತಿ ತೆಗೆಸಿದವನು. 212ರಲ್ಲಿ ಸಾಮ್ರಾಜ್ಯದ ಬಹುತೇಕ ಎಲ್ಲ ಸ್ವತಂತ್ರ ಜನರಿಗೂ ಪೌರತ್ವ ಕೊಟ್ಟ. ಹೊಸ ಪೌರರು ಪದ್ಧತಿಯಂತೆ ಕೊಟ್ಟವನ ಹೆಸರು ಹಿಡಿದರು. ಈಜಿಪ್ಟಿನ ಪಪೈರಸ್ ಕಾಗದಗಳಲ್ಲಿ ಎಲ್ಲಿ ನೋಡಿದರೂ ಆರೇಲಿಯಸ್, ಅಲ್ಲಲ್ಲಿ ಮಾರ್ಕಸ್ ಆರೇಲಿಯಸ್. ಎಲ್ಲರದೂ ಒಂದೇ ಹೆಸರಾದರೆ ಗುರುತು ಹಿಡಿಯೋದು ಹೇಗೆ? ನಿಧಾನವಾಗಿ ಮೂರು ಹೆಸರಿನ ಪದ್ಧತಿಯೇ ಬಿದ್ದುಹೋಯಿತು.

ಹೆಸರನ್ನು ಮುಂದಕ್ಕೆ ದಾಟಿಸಿದವನು ರೋಮನ್ ಕುಲದವನಲ್ಲ, ಜೆರುಸಲೇಮಿನ ಒಬ್ಬ ಯಹೂದಿ. ಬೈಬಲಿನಲ್ಲಿ ‘ಮಾರ್ಕ ಎಂಬ ಇನ್ನೊಂದು ಹೆಸರಿನ ಯೋಹಾನ’ ಅಂತ ಬರುವವನು. ಮನೆಯಲ್ಲಿ ಒಂದು ಹೆಸರು, ಆಳುವವರ ಭಾಷೆಯಲ್ಲಿ ಇನ್ನೊಂದು. ಅವನು ಒಮ್ಮೆ ನಡುದಾರಿಯಲ್ಲಿ ಬಿಟ್ಟುಹೋದ ಅಂತ ಧರ್ಮಪ್ರಚಾರಕ ಪೌಲನಿಗೆ ಸಿಟ್ಟು. ಮುಂದೆ ಒಂದು ಪತ್ರದಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ನನಗೆ ಅವನು ಬೇಕು ಅನ್ನುವ ಮಾತಿದೆ. ಸುವಾರ್ತೆ ಬರೆದ ಮಾರ್ಕ ಇವನೇ ಅಂತ ಚರ್ಚಿನ ಪರಂಪರೆ. ವೆನಿಸ್ ವ್ಯಾಪಾರಿಗಳು ಅವನ ಅವಶೇಷಗಳನ್ನು 828ರಲ್ಲಿ ಅಲೆಕ್ಸಾಂಡ್ರಿಯಾದಿಂದ ಹೊತ್ತು ತಂದರು ಅನ್ನುತ್ತಾರೆ. ಆಮೇಲೆ ಆ ಊರಿನಲ್ಲಿ ಮಾರ್ಕೊಗಳಿಗೆ ಬರವಿಲ್ಲ, ಮಾರ್ಕೊ ಪೋಲೊ ಅವರಲ್ಲೊಬ್ಬ. ನಮ್ಮ ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್, ಅದರ ಪಕ್ಕದ ರಸ್ತೆ, ಇವೂ ಆ ಸಂತನ ಹೆಸರಿನವೇ. ಕಬ್ಬನ್ ಪಾರ್ಕಿನ ಕಬ್ಬನ್ನರ ಪೂರ್ತಿ ಹೆಸರು ಮಾರ್ಕ್ ಕಬ್ಬನ್. ಆ ಕೆಥೆಡ್ರಲ್ಲಿನಿಂದ ಪಾರ್ಕಿಗೆ ನಡೆದೇ ಹೋಗಬಹುದು.

ಸೇಂಟ್ ಮಾರ್ಕ್ಸ್ ರೋಡ್ ಅಂತ ಕನ್ನಡದಲ್ಲಿ ಬರೆದರೆ ಅಲ್ಲಿ ಕಾಣುವುದು ಕಾರ್ಲ್ ಮಾರ್ಕ್ಸ್‌ನ ಮಾರ್ಕ್ಸ್ ಕೂಡ. ಆ ಎರಡೂ ಒಂದೇ ಬೇರಿನವು. ಜರ್ಮನ್ ನಾಡಿನ ಯಹೂದಿಗಳಲ್ಲಿ ಮನೆಯಲ್ಲಿ ಮೊರ್ದೆಕೈ ಅನ್ನಿಸಿಕೊಂಡವನು ಹೊರಗೆ ಮಾರ್ಕುಸ್ ಅಥವಾ ಮಾರ್ಕ್ಸ್ ಆಗುವುದು ಸಾಮಾನ್ಯವಾಗಿತ್ತು. ಕಾರ್ಲ್ ಮಾರ್ಕ್ಸ್‌ನ ತಾತ ಅಂಥವನು. ಟ್ರಿಯರ್ ಊರಿನ ರಬ್ಬಿ, ಅಂದರೆ ಯಹೂದಿ ಧರ್ಮಗುರು. ಅವನ ಸ್ವಂತ ಹೆಸರೇ ಮುಂದಿನ ತಲೆಮಾರಿಗೆ ಮನೆತನದ ಹೆಸರಾಯಿತು. ಮಗ ಕ್ರೈಸ್ತನಾದಾಗ ಹೆರ್ಷೆಲ್ ಅನ್ನುವುದನ್ನು ಬಿಟ್ಟು ಹೈನ್‌ರಿಕ್ ಆದ, ಮಾರ್ಕ್ಸ್ ಅನ್ನುವುದನ್ನು ಉಳಿಸಿಕೊಂಡ. ಟ್ರಿಯರ್ ಹಳೆಯ ರೋಮನ್ ಊರು. ಅಲ್ಲಿ ಪೋರ್ಟಾ ನಿಗ್ರಾ, ಅಂದರೆ ಕಪ್ಪು ಬಾಗಿಲು, ಅನ್ನುವ ದೊಡ್ಡ ಕೋಟೆಬಾಗಿಲು ಇನ್ನೂ ನಿಂತಿದೆ. ಅದರ ಅಡಿಪಾಯದ ಹತ್ತಿರ ಸಿಕ್ಕ ಮರದ ವರ್ಷದ ಉಂಗುರಗಳನ್ನು ಎಣಿಸಿ, ಕಟ್ಟಲು ಶುರು ಮಾಡಿದ್ದು ಕ್ರಿ.ಶ. 170ರಲ್ಲಿ ಅಂತ ಕಂಡುಕೊಂಡಿದ್ದಾರೆ. ಆಗ ಆಳುತ್ತಿದ್ದವನು ಮಾರ್ಕಸ್ ಆರೇಲಿಯಸ್. 1819ರಲ್ಲಿ ಮಾರ್ಕ್ಸ್ ಕುಟುಂಬ ಆ ಬಾಗಿಲಿನ ಹತ್ತಿರದ ಮನೆಗೆ ಬಂತು, ಕಾರ್ಲ್ ಬೆಳೆದದ್ದು ಅಲ್ಲೇ.